ಕುದುರೆಯ ರಕ್ತದಲ್ಲಿ ಲಸಿಕೆಯ ಬಲ

2008ರಲ್ಲಿ ಜಮ್ಮು ಸೀಮೆಯ ಕಟ್ರಾದಲ್ಲಿ ಕಾಣಿಸಿಕೊಂಡ ಕುದುರೆ ಇನ್‌ಫ್ಲುಯೆಂಜಾ ಅದೇ ವರ್ಷ ಕರ್ನಾಟಕವನ್ನೂ ಮುಟ್ಟಿತು. ಮೈಸೂರಿನಲ್ಲಿ ದೊರೆತ ವೈರಸ್ಸು ಆ ಊರಿನ ಹೆಸರಿನಲ್ಲೇ ವಿಜ್ಞಾನದ ದಾಖಲೆ ಸೇರಿತು. 1987ರ ಪಿಡುಗಿನ ಲುಧಿಯಾನ ವೈರಸ್ಸಿನಿಂದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಸಿದ್ಧಪಡಿಸಿದ್ದ ಲಸಿಕೆಯನ್ನು ಆಮೇಲೆ ಕಟ್ರಾದ ವೈರಸ್ಸಿನಿಂದ ನವೀಕರಿಸಬೇಕಾಯಿತು.

ಲಸಿಕೆ ಪಡೆದ ಪ್ರಾಣಿಯ ರಕ್ತದಲ್ಲಿ ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು, ಅಂದರೆ ಪ್ರತಿಕಾಯಗಳು, ಹುಟ್ಟುತ್ತವೆ. ಇನ್‌ಫ್ಲುಯೆಂಜಾದ ಮಟ್ಟಿಗೆ ಇವುಗಳನ್ನು ಅಳೆಯುವ ಒಂದು ವಿಧಾನದಲ್ಲಿ, ವೈರಸ್ಸು ಲೇಪಿತ ಕೆಂಪು ರಕ್ತಕಣಗಳನ್ನು ಬೆರೆಸಿದ ಲೋಳೆಯ ತಟ್ಟೆಗೆ ಕುದುರೆಯ ರಕ್ತದ್ರವವನ್ನು ಹಾಕಿದಾಗ ಕಣಗಳು ಒಡೆದು ಮೂಡುವ ತಿಳಿವೃತ್ತದ ವಿಸ್ತೀರ್ಣವನ್ನು ಲೆಕ್ಕಹಾಕುತ್ತಾರೆ. ಅದು ಸುಮಾರು 150 ಚದರ ಮಿಲಿಮೀಟರ್ ದಾಟಿದರೆ ಸೋಂಕನ್ನೇ ತಡೆಯಬಹುದೆಂದೂ, 85ರ ಆಸುಪಾಸಿನಲ್ಲಿದ್ದರೆ ಸೋಂಕು ತಗುಲಿದರೂ ಕಾಯಿಲೆ ಉಲ್ಬಣಿಸದೆಂದೂ ಪರಿಗಣಿಸಲಾಗುತ್ತದೆ. ಆದರೆ ಲಸಿಕೆಯ ತಳಿಯೂ ಹರಡುತ್ತಿರುವ ತಳಿಯೂ ಹತ್ತಿರವಿದ್ದಾಗ ಮಾತ್ರ ಈ ಅಂಕಿಗೆ ಪೂರ್ಣ ಬೆಲೆ. ಮೇಲಾಗಿ ಮೊದಲೆರಡು ಚುಚ್ಚುಮದ್ದುಗಳ ನಂತರ ಏರಿದ ಮಟ್ಟ ಕೆಲವೇ ತಿಂಗಳಲ್ಲಿ ಕುಸಿಯುವುದರಿಂದ ಐದಾರು ತಿಂಗಳಿಗೆ ಮೂರನೆಯದು ಅಗತ್ಯ.

ಧನುರ್ವಾಯುವಿನ ಕಥೆ ಬೇರೆ. ಅಲ್ಲಿ ಕೊಲ್ಲುವುದು ಗಾಯದೊಳಗಿನ ರೋಗಾಣು ಸ್ರವಿಸುವ ವಿಷ. ಆ ವಿಷ ಇನ್‌ಫ್ಲುಯೆಂಜಾ ವೈರಸ್ಸಿನಂತೆ ರೂಪ ಬದಲಿಸದು, ರಕ್ತದಲ್ಲಿ ತಿರುಗುವ ಪ್ರತಿಕಾಯಗಳು ಅದನ್ನು ನೇರವಾಗಿ ನಿಷ್ಕ್ರಿಯಗೊಳಿಸುತ್ತವೆ. ಆದ್ದರಿಂದ ಇಲ್ಲಿ ಪ್ರತಿಕಾಯದ ಮಟ್ಟ ನಂಬಲರ್ಹ ಸೂಚಕವಾಗಿದ್ದು, ಆರಂಭಿಕ ಸರಣಿ ಪೂರೈಸಿದ ಬಹಳಷ್ಟು ಕುದುರೆಗಳಲ್ಲಿ ಅದು ವರ್ಷ ಮೀರಿಯೂ ಉಳಿಯುವುದು ಕಂಡುಬಂದಿದೆ.

ಹರ್ಪಿಸ್ ವೈರಸ್ಸಿನ ವಿರುದ್ಧ ಜೀವಕೋಶಗಳ ಹೋರಾಟವೂ ಮುಖ್ಯವಾದ್ದರಿಂದ ರಕ್ತದ ಅಂಕಿಯೊಂದೇ ರಕ್ಷಣೆಯನ್ನು ಹೇಳಲಾರದು. ಗಂಟಲ ಗ್ರಂಥಿಗಳು ಊದಿ ಕೀವುಗಟ್ಟುವ ಸ್ಟ್ರಾಂಗಲ್ಸ್ ಎಂಬ ಬ್ಯಾಕ್ಟೀರಿಯಾ ರೋಗದಲ್ಲಂತೂ ಅತಿ ಹೆಚ್ಚಿನ ಮಟ್ಟವೇ ಎಚ್ಚರಿಕೆ: ರಕ್ತದ್ರವವನ್ನು 3,200 ಪಾಲಿಗೆ ತೆಳುಗೊಳಿಸಿದರೂ ಪ್ರತಿಕಾಯ ಪತ್ತೆಯಾದರೆ, ರಕ್ತನಾಳಗಳು ಉರಿಯೂತಕ್ಕೆ ಒಳಗಾಗುವ ಅಪಾಯವಿರುವುದರಿಂದ ಅಂಥ ಕುದುರೆಗೆ ಲಸಿಕೆ ಕೊಡಬಾರದು.

ಹೀಗಾಗಿ ಎಲ್ಲ ರೋಗಗಳಿಗೂ ಒಂದೇ ಅಳತೆಗೋಲು ಹಿಡಿಯುವುದು ತಪ್ಪು. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಮದುವೆ ಮೆರವಣಿಗೆಗಳಿಗೆ ಕುದುರೆ ಒದಗಿಸುವವರಾಗಲಿ, ಕಮಲಾಪುರದ ಕಡೆ ಕುದುರೆ ಸಾಕಿದವರಾಗಲಿ ಲಸಿಕೆಯ ದಿನಾಂಕಗಳನ್ನು ತಪ್ಪದೆ ಬರೆದಿಡಬೇಕು. ಸಂದೇಹವಿದ್ದರೆ ಸಮೀಪದ ಪಶುವೈದ್ಯರನ್ನಾಗಲಿ ಬೀದರಿನ ಪಶುವೈದ್ಯಕೀಯ ಕಾಲೇಜನ್ನಾಗಲಿ ವಿಚಾರಿಸಬೇಕು, ಗಾಯವಾದ ಕುದುರೆಯನ್ನು ಮಾತ್ರ ಯಾವ ವರದಿಗೂ ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಬೇಕು.