ಗಂಧಕಾನಿಲದ ನಿವಾರಣೆ ಮತ್ತು ಅಧಿಶೋಷಕಗಳ ಪುನಶ್ಚೇತನ

ಹೈದರಾಬಾದಿನ ಬೋಯಿನ್‌ಪಲ್ಲಿಯ ತರಕಾರಿ ಮಾರುಕಟ್ಟೆಯಲ್ಲಿ ಕೊಳೆತ ಕಾಯಿಪಲ್ಲೆಯಿಂದ ಅನಿಲವನ್ನು ಪಡೆಯುವ ಸ್ಥಾವರವೊಂದು ಏರ್ಪಟ್ಟ ಸಂಗತಿ 2021ರ ಜನವರಿಯಲ್ಲಿ ದೇಶದ ಗಮನವನ್ನು ಸೆಳೆಯಿತು. ದಿನಕ್ಕೆ ಸುಮಾರು 10 ಟನ್ನು ಕಸ, ಅದರಿಂದ ಸುಮಾರು 500 ಯೂನಿಟ್ ವಿದ್ಯುತ್ತು ಮತ್ತು ಅಡುಗೆಗೆ 30 ಕಿಲೋಗ್ರಾಂ ಅನಿಲ ಎಂಬುದು ಆಗ ಪ್ರಕಟವಾದ ಲೆಕ್ಕ. ಇದರ ತಂತ್ರವನ್ನು ರೂಪಿಸಿದುದು ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಬೀದರು, ಕಲಬುರಗಿ, ರಾಯಚೂರುಗಳು ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1944ರಲ್ಲಿ, ಆ ಸಂಸ್ಥಾನದ ಕೇಂದ್ರ ಪ್ರಯೋಗಶಾಲೆಯಾಗಿ ಹುಟ್ಟಿದ ಈ ಸಂಸ್ಥೆಯು 1956ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿಗೆ ಸೇರಿ, 1989ರಲ್ಲಿ ಈಗಿನ ಹೆಸರನ್ನು ಪಡೆಯಿತು.

ಕೊಳೆತ ವಸ್ತುವಿನಿಂದ ಹುಟ್ಟುವ ಅನಿಲವೂ ಭೂಗರ್ಭದಿಂದ ತೆಗೆಯುವ ನೈಸರ್ಗಿಕ ಅನಿಲವೂ ಮುಖ್ಯವಾಗಿ ಮೀಥೇನ್ ಎಂಬ ಒಂದೇ ಇಂಧನದಿಂದ ಕೂಡಿದವು. ಇವೆರಡರಲ್ಲಿಯೂ ಹಲವೊಮ್ಮೆ ಸೇರಿಕೊಂಡಿರುವ ಶತ್ರುವೂ ಒಂದೇ. ಅದು ಹೈಡ್ರೋಜನ್ ಸಲ್ಫೈಡು. ಬೆಳ್ಳಿಯ ಪಾತ್ರೆಯನ್ನು ಕಪ್ಪಾಗಿಸುವ, ಕೊಳೆತ ಮೊಟ್ಟೆಯ ನಾತವುಳ್ಳ ಈ ಅನಿಲವನ್ನು, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಒಂದು ಪಾಲಿಗಿಂತ ಕಡಿಮೆಯಿದ್ದಾಗಲೂ ಮೂಗು ಗುರುತಿಸುತ್ತದೆ. ಆದರೆ ಪ್ರಮಾಣವು ನೂರು ಪಾಲಿನಷ್ಟಾದರೆ ಘ್ರಾಣಶಕ್ತಿಯೇ ಕುಂದಿ, ಅಪಾಯ ಹೆಚ್ಚಿದಂತೆಲ್ಲ ಅದರ ಸೂಚನೆಯು ಮಾಯವಾಗುತ್ತದೆ. ಸಾವಿರ ಪಾಲಿಗೆ ಏರಿದರೆ ಕೆಲವೇ ಉಸಿರುಗಳಲ್ಲಿ ಪ್ರಾಣ ಹೋಗಬಹುದು. ಗಾಳಿಗಿಂತ ತೂಕವಾದುದರಿಂದ ಇದು ತಗ್ಗಿನಲ್ಲಿ ಸಂಚಯಗೊಳ್ಳುತ್ತದೆ. ಚರಂಡಿಯ ಗುಂಡಿಗಳಿಗಿಳಿದ ಕೆಲಸಗಾರರು ಮೇಲೇರಿ ಬಾರದ ಎಷ್ಟೋ ದುರಂತಗಳಿಗೆ ಇದೇ ಕಾರಣ. ಉರಿದಾಗ ಇದು ಗಂಧಕದ ಡೈಆಕ್ಸೈಡಾಗಿ, ನೀರಿನೊಡನೆ ಕೂಡಿ ಆಮ್ಲವಾಗಿ, ಯಂತ್ರದ ಲೋಹವನ್ನು ತಿನ್ನುತ್ತದೆ. ಈ ಕಾರಣಗಳಿಂದಲೇ, ಕೊಳೆತ ವಸ್ತುವಿನ ಅನಿಲವನ್ನು ಶುದ್ಧಗೊಳಿಸಿ ವಾಹನಗಳಿಗೆ ಬಳಸಬೇಕಾದರೆ ಒಂದು ಘನ ಮೀಟರಿನಲ್ಲಿ ಇದು 20 ಮಿಲಿಗ್ರಾಂ ಮೀರಬಾರದೆಂದು 2016ರ ಭಾರತೀಯ ಮಾನಕವು ವಿಧಿಸಿತು.

ಬೃಹತ್ ಪ್ರಮಾಣದ ನೈಸರ್ಗಿಕ ಅನಿಲವನ್ನು ಸಾಮಾನ್ಯವಾಗಿ ದ್ರಾವಣದಿಂದ ತೊಳೆಯುತ್ತಾರೆ. ಮುಂಬಯಿಯ ಸಮುದ್ರದಲ್ಲಿರುವ ಬಸ್ಸೈನ್ ನಿಕ್ಷೇಪದ ಗಂಧಕಯುಕ್ತ ಅನಿಲವನ್ನು ಗುಜರಾತಿನ ಹಜೀರಾದಲ್ಲಿ ಶುದ್ಧಗೊಳಿಸುವುದು ಅಮೈನ್ ದ್ರಾವಣದ ಕ್ರಮದಿಂದ. ಅನಿಲದ ಮೊತ್ತ ಅಲ್ಪವಾಗಿರುವಲ್ಲಿ ಅಥವಾ ಅತಿ ಸೂಕ್ಷ್ಮವಾದ ಶುದ್ಧಿ ಬೇಕಾದಲ್ಲಿ ಘನಪದಾರ್ಥಗಳೇ ಅನುಕೂಲ. ತನ್ನ ಮೇಲ್ಮೈಯಲ್ಲಿ ಅನಿಲದ ಅಣುಗಳನ್ನು ಹಿಡಿದಿಡುವ ಇಂಥ ಪದಾರ್ಥಕ್ಕೆ ಅಧಿಶೋಷಕವೆಂದು ಹೆಸರು. ಅದು ತುಂಬಿದ ಬಳಿಕ ಹಿಡಿದುದನ್ನು ಬಿಡಿಸಿ ಮರಳಿ ಕೆಲಸಕ್ಕೆ ಹಚ್ಚುವುದೇ ಪುನಶ್ಚೇತನ.

ಪುನಶ್ಚೇತನದ ಅಗತ್ಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ 1,000 ಘನ ಮೀಟರು ಅನಿಲ ಹುಟ್ಟುವ ಸ್ಥಾವರದಲ್ಲಿ ಹೈಡ್ರೋಜನ್ ಸಲ್ಫೈಡು ನೂರಕ್ಕೆ 0.2ರಷ್ಟಿದೆಯೆಂದು ಭಾವಿಸಿದರೆ, ಅದರ ತೂಕ ಸುಮಾರು 2.8 ಕಿಲೋಗ್ರಾಂ. ಇದನ್ನು ಹಿಡಿಯಲು ತತ್ತ್ವತಃ 4.4 ಕಿಲೋಗ್ರಾಂ ಕಬ್ಬಿಣದ ಆಕ್ಸೈಡು ಬೇಕು. ಒಮ್ಮೆ ಬಳಸಿ ಎಸೆಯುವುದಾದರೆ ತಿಂಗಳಿಗೆ 130 ಕಿಲೋಗ್ರಾಮಿಗೂ ಮೇಲ್ಪಟ್ಟು ವೆಚ್ಚವಾಗಿ, ಗಂಧಕ ತುಂಬಿದ ಕಸದ ರಾಶಿಯು ಬೆಳೆಯುತ್ತ ಹೋಗುತ್ತದೆ.

ಕಬ್ಬಿಣದ ಆಕ್ಸೈಡು, ಎಂದರೆ ಬಹುಮಟ್ಟಿಗೆ ತುಕ್ಕು, ಈ ಕೆಲಸದಲ್ಲಿ ಹಳೆಯ ಆಳು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಯೂರೋಪಿನ ನಗರಗಳ ಕಲ್ಲಿದ್ದಲ ಅನಿಲವನ್ನು ಶುದ್ಧಗೊಳಿಸಿದುದು ಇದೇ. ಸಲ್ಫೈಡಿನ ಸಂಗದಿಂದ ಇದು ಕಪ್ಪಾದ ಕಬ್ಬಿಣದ ಸಲ್ಫೈಡಾಗುತ್ತದೆ. ತೇವವಿರುವಾಗ ಗಾಳಿಯಾಡಿಸಿದರೆ ಮತ್ತೆ ಆಕ್ಸೈಡಾಗಿ, ಗಂಧಕವು ಬೇರ್ಪಟ್ಟು ಅಲ್ಲಿಯೇ ಕೂಡುತ್ತದೆ. ಆದರೆ ಈ ಕ್ರಿಯೆಯಿಂದ ಶಾಖವುಂಟಾಗುವುದರಿಂದ ಗಾಳಿಯನ್ನು ಮೆಲ್ಲಮೆಲ್ಲನೆ ಬಿಡಬೇಕು. ಅವಸರಪಟ್ಟರೆ ರಾಶಿಯೇ ಹೊತ್ತಿಕೊಳ್ಳುತ್ತದೆ. ಅಲ್ಲದೆ ಪ್ರತಿ ಸಲ ಉಳಿಯುವ ಗಂಧಕವು ರಂಧ್ರಗಳನ್ನು ಮುಚ್ಚುತ್ತ, ತೂಕದಲ್ಲಿ ಸುಮಾರು ಅರ್ಧದಷ್ಟಾದಾಗ ಆ ರಾಶಿಯ ಆಯುಷ್ಯ ಮುಗಿಯುತ್ತದೆ.

ಸತುವಿನ ಆಕ್ಸೈಡಿನ ಹಿಡಿತ ಇದಕ್ಕಿಂತ ಬಿಗಿ. ಸುಮಾರು 350 ಡಿಗ್ರಿ ಸೆಲ್ಸಿಯಸಿನಲ್ಲಿ ಅದು ಅನಿಲವನ್ನು ಅತ್ಯಂತ ಶುದ್ಧಗೊಳಿಸುವುದರಿಂದ, ಗಂಧಕದ ಲೇಶವನ್ನೂ ಸಹಿಸದ ಗೊಬ್ಬರದ ಕಾರ್ಖಾನೆಗಳಲ್ಲಿ ಅದಕ್ಕೆ ಮನ್ನಣೆ. ಆದರೆ ಹಿಡಿದುದನ್ನು ಬಿಡಿಸಲು 600 ಡಿಗ್ರಿಗೂ ಹೆಚ್ಚಿನ ಶಾಖ ಬೇಕು; ಆ ಶಾಖದಲ್ಲಿ ಕಣಗಳು ಒಂದಕ್ಕೊಂದು ಅಂಟಿ ಮೇಲ್ಮೈ ಕುಗ್ಗುತ್ತದೆ. ಹೀಗಾಗಿ ಅದನ್ನು ಸಾಮಾನ್ಯವಾಗಿ ಒಮ್ಮೆ ಬಳಸಿ ತೆಗೆದುಹಾಕುತ್ತಾರೆ. ಟೈಟಾನಿಯಂ ಅಥವಾ ಕಬ್ಬಿಣದ ಆಕ್ಸೈಡನ್ನು ಸತುವಿನೊಡನೆ ಬೆರೆಸುವ ಸಂಶೋಧನೆಗಳು ಈ ಕುಂದನ್ನು ನೀಗಲೆಂದೇ ಹುಟ್ಟಿದವು.

ಮೂರನೆಯದು ಜಿಯೊಲೈಟು. ಬೀದರಿನಿಂದ ಬೆಳಗಾವಿಯವರೆಗೂ ಹಬ್ಬಿರುವ ದಖನ್ನಿನ ಕರಿಕಲ್ಲಿನ ಪೊಟರೆಗಳಲ್ಲಿ ಈ ವರ್ಗದ ಖನಿಜಗಳು ಬೆಳೆಯುವುದುಂಟು. ಕೈಗಾರಿಕೆಯಲ್ಲಿ ಬಳಸುವವು ಬಹುತೇಕ ಕೃತಕ. ಇದರ ರಂಧ್ರಗಳು ಅಣುವಿನ ಗಾತ್ರದವು. ಇಲ್ಲಿ ರಾಸಾಯನಿಕ ಬಂಧವಿಲ್ಲದೆ ವಿದ್ಯುದಾಕರ್ಷಣೆ ಮಾತ್ರವಿರುವುದರಿಂದ, 200ರಿಂದ 300 ಡಿಗ್ರಿಯ ಬಿಸಿ ಅನಿಲವನ್ನು ಹಾಯಿಸಿದರೆ ಹಿಡಿದುದೆಲ್ಲ ಕಳಚಿಕೊಳ್ಳುತ್ತದೆ. ಎರಡು ಗೋಪುರಗಳಿದ್ದರೆ ಒಂದು ದುಡಿಯುವಾಗ ಇನ್ನೊಂದನ್ನು ಶುಚಿಗೊಳಿಸಬಹುದು. ಆದರೆ ನೀರಿನ ಅಣುವನ್ನು ಜಿಯೊಲೈಟು ಇನ್ನೂ ಬಲವಾಗಿ ಹಿಡಿಯುವುದರಿಂದ, ತೇವದ ಅನಿಲವನ್ನು ಮೊದಲು ಒಣಗಿಸದಿದ್ದರೆ ಸಲ್ಫೈಡಿಗೆ ಸ್ಥಳವೇ ಉಳಿಯದು.

ಇವನ್ನು ಹೋಲಿಸಿದಾಗ, ಅಧಿಶೋಷಕದ ಗುಣವು ಹಿಡಿಯುವುದರಲ್ಲಿ ಎಷ್ಟೋ ಬಿಡುವುದರಲ್ಲಿಯೂ ಅಷ್ಟೇ ಎಂಬುದು ಸ್ಪಷ್ಟವಾಗುತ್ತದೆ. ಹಿಡಿತ ಸಡಿಲವಾದರೆ ಅನಿಲ ಶುದ್ಧವಾಗದು; ಬಿಗಿಯಾದರೆ ಪುನಶ್ಚೇತನ ದುಬಾರಿ. ಇದಕ್ಕಿಂತಲೂ ಮುಖ್ಯವಾದ ಪ್ರಶ್ನೆ, ಬಿಟ್ಟ ಗಂಧಕವು ಎಲ್ಲಿಗೆ ಹೋಗುತ್ತದೆ ಎಂಬುದು. ಮೂಲಧಾತುಗಳು ನಾಶವಾಗುವುದಿಲ್ಲ. ಮೇಲಿನ ಉದಾಹರಣೆಯ ಸ್ಥಾವರದಿಂದ ದಿನವೂ ಸುಮಾರು 2.6 ಕಿಲೋಗ್ರಾಂ ಗಂಧಕವು ಯಾವುದಾದರೊಂದು ರೂಪದಲ್ಲಿ ಹೊರಬರಲೇಬೇಕು. ಕಬ್ಬಿಣವು ಅದನ್ನು ಘನರೂಪದಲ್ಲಿ ಕೊಡುತ್ತದೆ. ಸತುವು ಡೈಆಕ್ಸೈಡಾಗಿ, ಜಿಯೊಲೈಟು ಮೊದಲಿನ ವಿಷಾನಿಲವಾಗಿಯೇ ಮರಳಿಸುತ್ತದೆ. ದೊಡ್ಡ ಶುದ್ಧೀಕರಣಾಗಾರಗಳಲ್ಲಿ 1883ರಲ್ಲಿ ಕ್ಲೌಸನು ಸನ್ನದು ಪಡೆದ ವಿಧಾನದ ಸುಧಾರಿತ ರೂಪದಿಂದ ಇಂಥ ಅನಿಲವನ್ನು ಶುದ್ಧ ಗಂಧಕವಾಗಿ ಮಾರ್ಪಡಿಸುತ್ತಾರೆ. ಮಾರುಕಟ್ಟೆಯೊಂದರ ಹಿತ್ತಿಲಿನಲ್ಲಿರುವ ಚಿಕ್ಕ ಸ್ಥಾವರಕ್ಕೆ ಅಂಥ ಕುಲುಮೆಯು ನಿಲುಕದು. ಆದುದರಿಂದ ಜನವಸತಿಯ ನಡುವೆ ಹುಟ್ಟುವ ಅನಿಲಕ್ಕೆ ಅಧಿಶೋಷಕವನ್ನು ಆರಿಸುವವರು ಅದರ ಬೆಲೆಯನ್ನೂ ಧಾರಣಶಕ್ತಿಯನ್ನೂ ಕೇಳಿದರೆ ಸಾಲದು. ಪುನಶ್ಚೇತನದ ದಿನ ಅದರ ಬಳಿ ನಿಲ್ಲುವ ಕೆಲಸಗಾರನು ಯಾವ ಗಾಳಿಯನ್ನು ಉಸಿರಾಡುತ್ತಾನೆ ಎಂಬುದನ್ನೂ ಕೇಳಬೇಕು.