ಹೆಸರು ಒಂದೇ, ಕೆರೆ ಬೇರೆ

ಕಳೆದ ವರ್ಷ ಮಾಘಮಾಸದ ಒಂದು ಮಧ್ಯಾಹ್ನ ತರಗತಿ ಮುಗಿಸಿ ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದೆ. ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ನೀಲಿ ರಟ್ಟಿನ ಕಡತವಿತ್ತು. ಮೂರು ವಾರಗಳ ಹಿಂದೆ ಅದೇ ಕಡತವನ್ನು ನಾನು ಓದಿ, “ಬಹಳ ಚೆನ್ನಾಗಿದೆಯಮ್ಮಾ” ಎಂದು ಹೊಗಳಿ, ಕಡೆಯ ಪುಟದಲ್ಲಿ ಸಹಿ ಮಾಡಿ ಕೊಟ್ಟಿದ್ದೆ. ಈಗ ಅವಳು ಒಳಗೆ ಬರಲೂ ಅಳುಕುತ್ತಿದ್ದಳು.

“ಸಾರ್, ಆ ಕೆರೆ ನಮ್ಮದಲ್ಲ” ಎಂದಳು.

ಕುಣಿಗಲ್ ಸೀಮೆಯಲ್ಲಿ ಹುಟ್ಟಿದವರಿಗೆ ಕೆರೆಯೆಂದರೆ ವಿಶೇಷವಾದ ಅಭಿಮಾನ. ನಮ್ಮೂರ ಕೆರೆಯ ಮೇಲಿನ ಜನಪದ ಗೀತೆಯನ್ನು ಕುಣಿಗಲ್ಲನ್ನು ಕಣ್ಣಿನಿಂದ ಕಾಣದವರೂ ಹಾಡುತ್ತಾರೆ. ಈ ಹುಡುಗಿ ಯಡಿಯೂರು ಹೋಬಳಿಯ ಒಂದು ಸಣ್ಣ ಹಳ್ಳಿಯವಳು. ತನ್ನ ಹೋಬಳಿಯ ಕೆರೆಗಳನ್ನು ಕುರಿತು ಪ್ರಬಂಧ ಬರೆಯುತ್ತೇನೆಂದು ಬಂದಾಗ ನಾನೇ ಅದನ್ನು ಮೂರು ಭಾಗ ಮಾಡಿಕೊಟ್ಟೆ: ಹಾಡಿನಲ್ಲಿ ಕೆರೆ, ಶಾಸನದಲ್ಲಿ ಕೆರೆ, ಇಂದಿನ ಕೆರೆ. ಮೊದಲ ಎರಡು ಭಾಗಗಳಿಗೆ ಪುಸ್ತಕಗಳನ್ನು ತೋರಿಸಬಲ್ಲವನಾಗಿದ್ದೆ. ಮೂರನೆಯದಕ್ಕೆ ಮಾತ್ರ, ಸರ್ಕಾರದ ಇಲಾಖೆಗಳು ಈಗ ಎಲ್ಲರ ಉಪಯೋಗಕ್ಕೆಂದು ಪ್ರಕಟಿಸುತ್ತಿರುವ ಅಂಕಿ-ಅಂಶಗಳನ್ನು ಹುಡುಕಿ ನೋಡು ಎಂದು ಹೇಳಿ ಕೈತೊಳೆದುಕೊಂಡಿದ್ದೆ.

ಅವಳು ಹುಡುಕಿದಳು. ಕೆರೆಗಳ ನೀರಿನ ಗುಣವನ್ನು ಹೇಳುವ ಒಂದು ಪಟ್ಟಿಯಲ್ಲಿ ‘ಯಡಿಯೂರು ಕೆರೆ’ ಎಂಬ ಸಾಲು ಸಿಕ್ಕಿತು. ಆ ನೀರು ಕುಡಿಯಲು ತಕ್ಕುದಲ್ಲವೆಂದು ಅಲ್ಲಿತ್ತು. ಸಾಲನ್ನು ಹಾಗೆಯೇ ಎತ್ತಿ ಪ್ರಬಂಧದಲ್ಲಿಟ್ಟಳು. ಊರ ಶಾಲೆಯ ವಾರ್ಷಿಕೋತ್ಸವದಲ್ಲಿ ಎಲ್ಲರೆದುರಿಗೆ ಓದಿಯೂಬಿಟ್ಟಳು. ಮಾರನೆಯ ದಿನದಿಂದ ಅವಳ ಅಜ್ಜಿ ಮೂರು ಹಸುಗಳನ್ನು ಕೆರೆಗೆ ಬಿಡದೆ, ಅರ್ಧ ಮೈಲಿ ಆಚೆಯ ಕೊಳವೆಬಾವಿಯ ತೊಟ್ಟಿಗೆ ಹೊಡೆದುಕೊಂಡು ಹೋಗತೊಡಗಿದರು. ಊರಿನಲ್ಲಿ ಇನ್ನೂ ನಾಲ್ಕು ಮನೆಯವರು ಹಾಗೆಯೇ ಮಾಡಿದರು. ಕೊನೆಗೆ ಹಿರಿಯರೊಬ್ಬರು, “ನಮ್ ಕೆರೆ ನೀರ ಯಾವತ್ತವ್ವ ಬಂದು ತಗೊಂಡ್ ಹೋಗಿದ್ರು? ನಾನಂತೂ ನೋಡ್ಲಿಲ್ಲ” ಎಂದು ಕೇಳಿದಾಗ ಅವಳಿಗೆ ಅನುಮಾನ ಹುಟ್ಟಿತು. ಮತ್ತೆ ಪಟ್ಟಿಯನ್ನು ತೆರೆದು ನೋಡಿದರೆ, ಅದು ಬೆಂಗಳೂರಿನಲ್ಲಿ ಜಯನಗರದ ಮಗ್ಗುಲಿನ ಯಡಿಯೂರು ಕೆರೆ!

“ಊರಲ್ಲೆಲ್ಲ ನಗ್ತಿದಾರೆ ಸಾರ್. ಇದನ್ನ ಹರಿದುಹಾಕ್ಬಿಡ್ತೀನಿ.”

ಬೇಡವೆಂದೆ. ತಪ್ಪು ಅವಳೊಬ್ಬಳದೇ ಅಲ್ಲ. ಕಡೆಯ ಪುಟದ ಸಹಿ ನನ್ನದು. ಯಡಿಯೂರು ಎಂಬ ಹೆಸರು ಕಂಡೊಡನೆ ನನ್ನ ಕಣ್ಣಿಗೆ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯ ಯಡಿಯೂರೇ ಕಟ್ಟಿತೇ ಹೊರತು, ಆ ಹೆಸರಿನ ಇನ್ನೊಂದು ಊರು ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರದಲ್ಲಿ ಇದೆಯೆಂಬುದು ನೆನಪಿಗೇ ಬರಲಿಲ್ಲ.

ನೆನಪಿಗೆ ಬರಬೇಕಾಗಿತ್ತು. ಕನ್ನಡ ಎಂ.ಎ. ಓದಿದವನಿಗೆ ಹೆಸರಿನ ಈ ಮೋಸ ಹೊಸದಲ್ಲ. ಮಂಗರಾಜನ ಕೃತಿಗಳನ್ನು ತಾ ಎಂದರೆ ಯಾವುದನ್ನು ತರಬೇಕು? ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವನ್ನು ಬರೆದ, ಅದು ವಿಷವೈದ್ಯ. ಅಭಿನವ ಮಂಗರಾಜ ಅದೇ ಶತಮಾನದ ಕೊನೆಯಲ್ಲಿ ನಿಘಂಟನ್ನು ರಚಿಸಿದ. ಹದಿನಾರನೆಯ ಶತಮಾನದ ಮಂಗರಾಜ ಕಾವ್ಯಗಳ ಕರ್ತೃ. ಒಂದು ಹೆಸರು, ವೈದ್ಯ, ಕೋಶ, ಕಾವ್ಯ ಎಂಬ ಮೂರು ಕ್ಷೇತ್ರ. 978ರಲ್ಲಿ ಪುರಾಣವನ್ನು ಬರೆದ ಚಾವುಂಡರಾಯನೇ ಬೇರೆ, ಅಡಿಗೆಯಿಂದ ಜಲಶೋಧನೆಯವರೆಗೆ ಲೋಕವ್ಯವಹಾರವನ್ನೆಲ್ಲ ಹೇಳುವ ‘ಲೋಕೋಪಕಾರ’ದ ಚಾವುಂಡರಾಯನೇ ಬೇರೆ. ‘ಛಂದೋಂಬುಧಿ’ಯ ನಾಗವರ್ಮನನ್ನೂ ‘ಕಾವ್ಯಾವಲೋಕನ’ದ ನಾಗವರ್ಮನನ್ನೂ ಒಬ್ಬನೇ ಎಂದು ತಿಳಿದಿದ್ದ ಕಾಲವೂ ಇತ್ತು. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಲ್ಲಿ ಇಂಥ ಸನಾಮರನ್ನು ಕಾಲ, ಗುರು, ಆಶ್ರಯ, ಗ್ರಂಥಗಳಿಂದ ಬೇರ್ಪಡಿಸಲು ಪಟ್ಟ ಶ್ರಮದ ಫಲವನ್ನು ನಾವು ಪರೀಕ್ಷೆಗೆ ಉರುಹೊಡೆದು ಮರೆತುಬಿಡುತ್ತೇವೆ.

ಊರಿನ ಹೆಸರಂತೂ ಇನ್ನೂ ತೊಡಕಿನದು. ‘ಕುಣಿಗಲ್’ ಎಂಬ ಒಂದೇ ಶಬ್ದವನ್ನು ಹಿಡಿದು ಹೊರಟರೆ ಎಷ್ಟು ಬಗೆಯ ಕಡತಗಳು ಕೈಗೆ ಬರುತ್ತವೆ, ನೋಡಿ. ಜನಗಣತಿಯಲ್ಲಿ ಅದು ಒಂದು ಪಟ್ಟಣವೂ ಹೌದು, ತಾಲ್ಲೂಕೂ ಹೌದು. ಚುನಾವಣೆಯ ಅಂಕಿಗಳಲ್ಲಿ ಒಂದು ವಿಧಾನಸಭಾ ಕ್ಷೇತ್ರ. ಜಿಲ್ಲೆ ತುಮಕೂರೇ ಆದರೂ 2008ರ ಪುನರ್ವಿಂಗಡಣೆಯಿಂದೀಚೆಗೆ ಲೋಕಸಭೆಯ ಮಟ್ಟಿಗೆ ನಾವು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವರು. ರೈಲ್ವೆಯ ಲೆಕ್ಕದಲ್ಲಿ ಅದು ಬೆಂಗಳೂರು–ಹಾಸನ ಮಾರ್ಗದ ಒಂದು ನಿಲ್ದಾಣ. ಕುದುರೆಪಂದ್ಯದ ಪುಸ್ತಕಗಳಲ್ಲಿ ಟಿಪ್ಪುವಿನ ಕಾಲವನ್ನು ನೆನೆಯಿಸುವ ಅಶ್ವಶಾಲೆ. ಅಲ್ಲಿ ವಂಶಾವಳಿಯೆಂದರೆ ಮರಿಗಳ ತಂದೆ-ತಾಯಿಯರ ಹೆಸರು. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟದಲ್ಲಿ ಅದು ಶಾಸನಗಳ ಒಂದು ಗುಂಪು. ಆ ಸಂಪುಟದಲ್ಲಿ ಒಂದೊಂದು ತಾಲ್ಲೂಕಿಗೂ ಸಂಖ್ಯೆ ಒಂದರಿಂದಲೇ ಮೊದಲಾಗುತ್ತದೆ. ಆದುದರಿಂದ ‘ತುಮಕೂರು ಸಂಪುಟದ ಹತ್ತನೆಯ ಶಾಸನ’ ಎಂದು ಬರೆದರೆ ಅರ್ಥವಿಲ್ಲ. ಕುಣಿಗಲ್ಲಿನ ಹತ್ತೋ, ಗುಬ್ಬಿಯ ಹತ್ತೋ? ಮೈಸೂರಿನಿಂದ ಪರಿಷ್ಕೃತ ಆವೃತ್ತಿ ಬಂದ ಮೇಲಂತೂ ಸಂಪುಟಗಳ ಅಂಕಿಗಳೂ ಬದಲಾಗಿವೆ. ಹಳೆಯ ಮೂರನೆಯ ಸಂಪುಟ ಬೇರೆ, ಹೊಸ ಮೂರನೆಯ ಸಂಪುಟ ಬೇರೆ. ಹೆಸರಷ್ಟೇ ಅಲ್ಲ, ಸಂಖ್ಯೆಯೂ ವಂಚಿಸುತ್ತದೆ.

ಈ ತೊಡಕು ನಮ್ಮ ಭಾಷೆಯದು, ನಮ್ಮ ನಾಡಿನದು ಎಂದು ತಿಳಿಯಬೇಕಾಗಿಲ್ಲ. ಗಣಿತದ ಅಧ್ಯಾಪಕರಾದ ನನ್ನ ಮಿತ್ರರ ಮುಂದೆ ಈ ಕಥೆಯನ್ನು ಹೇಳಿದಾಗ ಅವರು ನಕ್ಕು, “ನಮ್ಮಲ್ಲಿ ‘ಐರಿಸ್’ ಎಂಬುದೊಂದಿದೆ, ಕೇಳಿ” ಎಂದರು. ಅವರು ಹೇಳಿದುದರ ಸಾರ ಇಷ್ಟು.

ಐರಿಸ್ ಎಂಬುದು ಗ್ರೀಕರ ಪುರಾಣದಲ್ಲಿ ಕಾಮನಬಿಲ್ಲಿನ ದೇವತೆ. ಬಣ್ಣದ ಚೆಲುವಿನಿಂದಾಗಿ ಆ ಹೆಸರು ಒಂದು ಹೂವಿಗೆ ಬಂತು; ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಉಂಗುರಕ್ಕೂ ಬಂತು. ಎಡ್ಗರ್ ಆಂಡರ್ಸನ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ಐರಿಸ್ ಹೂಗಳನ್ನು ಅಳೆದು ಬರೆದಿಟ್ಟಿದ್ದ. ಅವುಗಳಲ್ಲಿ ಎರಡು ಜಾತಿಯವು ಕೆನಡಾ ದೇಶದ ಗ್ಯಾಸ್ಪೆ ಪರ್ಯಾಯದ್ವೀಪದ ಒಂದೇ ಹುಲ್ಲುಗಾವಲಿನಲ್ಲಿ, ಒಂದೇ ದಿನ ಕಿತ್ತವು. ಮೂರು ಜಾತಿ, ಜಾತಿಗೆ ಐವತ್ತರಂತೆ 150 ಹೂಗಳು. ಒಂದೊಂದಕ್ಕೂ ಪುಷ್ಪಪತ್ರ ಮತ್ತು ದಳಗಳ ಉದ್ದ-ಅಗಲವೆಂದು ನಾಲ್ಕು ಅಳತೆ. ಈ ಅಳತೆಗಳನ್ನಿಟ್ಟುಕೊಂಡು 1936ರಲ್ಲಿ ಇಂಗ್ಲೆಂಡಿನ ಆರ್.ಎ. ಫಿಷರ್, ಹೂವಿನ ಜಾತಿಯನ್ನು ಲೆಕ್ಕದಿಂದಲೇ ವಿಂಗಡಿಸುವ ಬಗೆಯನ್ನು ತೋರಿಸಿದ. ಇಂದಿಗೂ ಯಂತ್ರಕ್ಕೆ ವಿಂಗಡಣೆಯನ್ನು ಕಲಿಸುವ ವಿದ್ಯಾರ್ಥಿ ಮೊದಲು ಮುಟ್ಟುವುದು ಆ 150 ಹೂಗಳನ್ನೇ. ಇದು ಹೂವಿನ ಐರಿಸ್. ಕಣ್ಣಿನ ಐರಿಸ್‌ನ ಚಿತ್ರಸಂಗ್ರಹಗಳು ಬೇರೆ. ಆಧಾರ್ ಚೀಟಿಗಾಗಿ ಯಂತ್ರದೊಳಗೆ ಕಣ್ಣಿಟ್ಟು ನೋಡಿದವರಿಗೆಲ್ಲ ಅದರ ಪರಿಚಯವುಂಟು. ಇವೆರಡೂ ಸಾಲದೆಂಬಂತೆ, 1984ರಲ್ಲಿ ಅಮೆರಿಕದಲ್ಲಿ ಭೂಕಂಪ ಸಂಶೋಧನೆಯ ಒಂದು ಸಂಘ ಹುಟ್ಟಿತು. ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಮತ್ತೆ ‘ಐರಿಸ್’! ಭೂಮಿಯ ನಡುಕದ ದಾಖಲೆಗಳು ಎಷ್ಟೋ ವರ್ಷ ಆ ಹೆಸರಿನಲ್ಲಿ ಲೋಕಕ್ಕೆ ದೊರೆತವು. 2023ರಲ್ಲಿ ಆ ಸಂಘ ಇನ್ನೊಂದರೊಡನೆ ಕೂಡಿ ಬೇರೆ ಹೆಸರನ್ನು ತಾಳಿತು.

ಹೂವು, ಕಣ್ಣು, ಭೂಕಂಪ. ಯಾವ ಕವಿಯೂ ಒಂದೇ ಶ್ಲೇಷೆಯಲ್ಲಿ ಇವನ್ನು ಹೆಣೆಯಲಾರನೇನೋ. ಹೆಸರೊಂದನ್ನೇ ಹಿಡಿದು ಹುಡುಕುವವನಿಗೆ ಮೂರೂ ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ.

ಹಾಗಾದರೆ ಬಿಡಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ನನ್ನ ಮೇಜಿನ ಮೇಲೆಯೇ ಇತ್ತು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವಿದೆ. ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದನ್ನು ದೋಷವೆಂದು ಹಳಿಯದೆ, ಅವುಗಳಿಗಾಗಿಯೇ ಒಂದು ವರ್ಗವನ್ನು ಕಟ್ಟಿದರು ನಮ್ಮ ಹಿಂದಿನವರು. ಕನ್ನಡದಲ್ಲಿ ದೇವೋತ್ತಮನ ‘ನಾನಾರ್ಥ ರತ್ನಾಕರ’ ಇಡಿಯಾಗಿ ಆ ಕೆಲಸಕ್ಕೇ ಮೀಸಲಾದ ಗ್ರಂಥ. ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಲವು ಅರ್ಥಗಳಲ್ಲಿ ಇಲ್ಲಿಗೆ ಯಾವುದು ಸಲ್ಲುತ್ತದೆಂದು ನಿರ್ಣಯಿಸುವ ಸಾಧನಗಳನ್ನು ಎಣಿಸಿ ಹೇಳಿದ್ದಾನೆ: ಸಂಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಔಚಿತ್ಯ, ದೇಶ, ಕಾಲ ಮುಂತಾದವು. ಆಲಂಕಾರಿಕರು ಕೊಡುವ ಉದಾಹರಣೆಗಳು ಸಹೃದಯರಿಗೆ ತಿಳಿದವೇ. ರಾಮ-ಲಕ್ಷ್ಮಣರೆಂದರೆ ಆ ರಾಮ ದಶರಥನ ಮಗ. ರಾಮ-ಅರ್ಜುನರ ವೈರವೆಂದರೆ ಅವನು ಪರಶುರಾಮ, ಅರ್ಜುನ ಕಾರ್ತವೀರ್ಯ. ಒಮ್ಮೆ ಜೊತೆಗಾರನಿಂದ, ಒಮ್ಮೆ ಹಗೆಯಿಂದ ಹೆಸರಿನ ಅರ್ಥ ಗೊತ್ತಾಗುತ್ತದೆ. ಸೈಂಧವ ಎಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು “ಸೈಂಧವವನ್ನು ತಾ” ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟು ನಿಂತವನು ಎಂದರೆ ಕುದುರೆಯನ್ನು. ಕುಣಿಗಲ್ಲಿನಲ್ಲಿ ಈ ಪಾಠವನ್ನು ಹೇಳುವಾಗ ಹುಡುಗರು ನಗುತ್ತಾರೆ. ನಮ್ಮೂರಲ್ಲಿ ಎರಡಕ್ಕೂ ಕೊರತೆಯಿಲ್ಲ.

ಆ ದಿನ ವಿದ್ಯಾರ್ಥಿನಿಯನ್ನು ಕೂಡಿಸಿಕೊಂಡು ಮೂಲ ಪಟ್ಟಿಯನ್ನು ಮತ್ತೆ ತೆರೆಸಿದೆ. ಅವಳು ಎತ್ತಿಕೊಂಡಿದ್ದ ಸಾಲಿನ ಆಚೀಚೆ ಏನಿದೆಯೆಂದು ಕೇಳಿದೆ. ಹಲಸೂರು ಕೆರೆ, ಸ್ಯಾಂಕಿ ಕೆರೆ! ಸಾಹಚರ್ಯ ಅಲ್ಲಿಯೇ ಕುಳಿತು ಕೂಗುತ್ತಿತ್ತು, ನಾವಿಬ್ಬರೂ ಕಿವಿಗೊಟ್ಟಿರಲಿಲ್ಲ. ಒಂದು ಸಾಲನ್ನು ಅದರ ನೆರೆಹೊರೆಯಿಂದ ಕಿತ್ತು ತಂದುದರಿಂದಲೇ ಕೆರೆಯೂ ಊರು ಬಿಟ್ಟು ಬಂದಿತ್ತು. ಜಿಲ್ಲೆಯ ಕಲಮನ್ನು ನೋಡಿದ್ದರೆ ದೇಶ, ನೀರನ್ನು ತೆಗೆದ ತಿಂಗಳನ್ನು ನೋಡಿದ್ದರೆ ಕಾಲ, ಯಾರು ಯಾತಕ್ಕೆ ಅಳೆದರೆಂದು ನೋಡಿದ್ದರೆ ಪ್ರಕರಣ. ಐರಿಸ್‌ಗೂ ಇದೇ ಕೀಲಿ. ತಲೆಪಟ್ಟಿಯಲ್ಲಿ ದಳದ ಉದ್ದವಿದ್ದರೆ ಹೂವು. ಎಡಗಣ್ಣು ಬಲಗಣ್ಣು ಎಂದಿದ್ದರೆ ಕಣ್ಣು. ಅಕ್ಷಾಂಶ, ರೇಖಾಂಶ, ಕಂಪನದ ವೇಳೆ ಎಂದಿದ್ದರೆ ಭೂಮಿ. ಜನಗಣತಿಯವರು ಹೆಸರನ್ನು ನೆಚ್ಚದೆ 2011ರಲ್ಲಿ ಹಳ್ಳಿಹಳ್ಳಿಗೂ ಆರಂಕಿಯ ಸಂಕೇತವನ್ನು ಕೊಟ್ಟಿದ್ದಾರೆ. ಹೊಸಹಳ್ಳಿಗಳು ನಮ್ಮ ನಾಡಿನಲ್ಲಿ ಎಷ್ಟಿವೆಯೆಂದು ಬಲ್ಲವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಆದರೆ ಹೆಸರಿನ ಈ ಆಕಸ್ಮಿಕದಿಂದ ಹಾನಿಯೊಂದೇ ಎಂದು ಹೇಳಲಾರೆ. ಐರಿಸ್‌ನ ಬೆನ್ನು ಹತ್ತಿ ಹೋದವನಿಗೆ ನನಗೆ ದೊರೆತ ಒಂದು ಸಂಗತಿಯನ್ನು ಓದುಗರೊಡನೆ ಹಂಚಿಕೊಳ್ಳುತ್ತೇನೆ. ಫಿಷರನ ವಿಧಾನವನ್ನು ಮುಂದುವರಿಸಿ, ಹಲವು ಗುಂಪುಗಳ ವಿಂಗಡಣೆಗೆ ವಿಸ್ತರಿಸಿ 1948ರಲ್ಲಿ ಪ್ರಬಂಧವನ್ನು ಪ್ರಕಟಿಸಿದವರು, ಕೇಂಬ್ರಿಜ್‌ನಲ್ಲಿ ಅವನ ಶಿಷ್ಯರಾಗಿದ್ದ ಸಿ.ಆರ್. ರಾವ್. 2023ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಈ ಮಹಾ ಸಂಖ್ಯಾಶಾಸ್ತ್ರಜ್ಞರು 1920ರಲ್ಲಿ ಹುಟ್ಟಿದುದು ನಮ್ಮ ಹೂವಿನ ಹಡಗಲಿಯಲ್ಲಿ. ಹೂಗಳನ್ನು ವಿಂಗಡಿಸುವ ಲೆಕ್ಕವನ್ನು ಬೆಳೆಸಿದವರ ಜನ್ಮಸ್ಥಳದ ಹೆಸರಿನಲ್ಲಿಯೇ ಹೂವಿದೆ! ಇದಕ್ಕೆ ಕಾರಣವೇನೂ ಇಲ್ಲ. ಕಾರಣವಿದೆಯೆಂದು ಹೊರಟರೆ ಅದು ಯಡಿಯೂರು ಕೆರೆಯಂಥದೇ ಇನ್ನೊಂದು ತಪ್ಪು. ಆದರೂ ಈ ಹೆಸರಿನ ದಾರಿಯಲ್ಲಿ ನಡೆಯದಿದ್ದರೆ, ಕನ್ನಡ ಅಧ್ಯಾಪಕನಾದ ನಾನು ಆ ಬಾಗಿಲ ಬಳಿಗೆ ಹೋಗುತ್ತಲೇ ಇರಲಿಲ್ಲ.

ಹುಡುಗಿ ಕಡತವನ್ನು ಹರಿದುಹಾಕಲಿಲ್ಲ. ಮುಂದಿನ ಭಾನುವಾರ ಶಾಲೆಯ ಜಗಲಿಯಲ್ಲಿ ಊರವರನ್ನು ಕೂಡಿಸಿ, ತಾನು ಓದಿದುದು ಬೇರೊಂದು ಕೆರೆಯ ಸಮಾಚಾರವೆಂದು ತಾನೇ ಒಪ್ಪಿಕೊಂಡಳು. ನಾನೂ ಹೋಗಿದ್ದೆ, ಸಹಿ ಮಾಡಿದವನು ಯಾರೆಂದು ನಾನೂ ಹೇಳಿದೆ. ಎಲ್ಲವನ್ನೂ ಕೇಳಿದ ಅವಳ ಅಜ್ಜಿ, “ಈ ಊರಾಗೆ ಐದ್ ಜನ ಸಿದ್ಲಿಂಗಪ್ಪ ಅವ್ರೆ. ಹೆಸ್ರು ಒಂದೇ ಆದ್ರೆ ಆಯ್ತಾ? ಯಾರ್ ಮನೇರು ಅಂತ ಕೇಳ್ಬ್ಯಾಡ್ವಾ?” ಎಂದರು. ಭರ್ತೃಹರಿಯ ಕಾರಿಕೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕೇಳಿಲ್ಲ.

ಪ್ರಬಂಧದ ಎರಡನೆಯ ಭಾಗಕ್ಕೆಂದು ಅವಳೇ ಓದಿದ್ದ ಶಾಸನಗಳೂ ಅದನ್ನೇ ಹೇಳುತ್ತವೆ. ದಾನಕೊಟ್ಟ ಊರಿನ ಹೆಸರನ್ನಷ್ಟೇ ಕೆತ್ತಿ ಬಿಟ್ಟವರಲ್ಲ ನಮ್ಮ ಪೂರ್ವಿಕರು. ಯಾವ ಅರಸನ ಆಳ್ವಿಕೆ, ಯಾವ ಶಕವರ್ಷ, ಯಾವ ನಾಡಿನೊಳಗಣ ಊರು, ನಾಲ್ಕು ದಿಕ್ಕಿನ ಎಲ್ಲೆಗಳಾವುವು, ಯಾರು ಕೊಟ್ಟರು, ಯಾರು ಪಡೆದರು, ಯಾರು ಬರೆದರು — ಇಷ್ಟನ್ನೂ ಕಲ್ಲಿನಲ್ಲಿ ಹೇಳಿದರು. ಕಲ್ಲು ಉಳಿಯುತ್ತದೆ, ಹೆಸರಿನ ಹಿಂದಿನ ನೆನಪು ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಕಡತದ ಮೂರನೆಯ ಭಾಗದಲ್ಲಿ ಈಗ ಹಳೆಯ ಪಟ್ಟಿಯಿಲ್ಲ. ಆ ಜಾಗದಲ್ಲಿ ಒಂದು ಹಾಳೆಯಿದೆ. ಮೇಲೆ ಹಳ್ಳಿ, ಹೋಬಳಿ, ತಾಲ್ಲೂಕು, ಜಿಲ್ಲೆ. ಕೆರೆಯ ನಾಲ್ಕು ದಿಕ್ಕಿನ ಗುರುತು. ಅಳೆದವರ ಹೆಸರು, ಅಳೆದ ದಿನ ಎಂದು ಅವಳ ದುಂಡು ಅಕ್ಷರದಲ್ಲಿ ಬರೆದಿದೆ. ಕೆಳಗಿನ ಮನೆಗಳು ಖಾಲಿ. ಅಜ್ಜಿಯ ಹಸುಗಳು ಮತ್ತೆ ಕೆರೆಗೆ ಹೋಗುತ್ತಿವೆ. ಆದರೆ ಆ ನೀರು ಒಳ್ಳೆಯದೇ ಕೆಟ್ಟದ್ದೇ ಎಂಬುದನ್ನು ಇದುವರೆಗೆ ಯಾರೂ ಅಳೆದಿಲ್ಲ. ಅಳೆಯಿಸಬೇಕೆಂದು ಊರವರ ಸಹಿ ಹಾಕಿಸಿ ಅವಳು ಅರ್ಜಿ ಕೊಟ್ಟಿದ್ದಾಳೆ.

ಆ ಖಾಲಿ ಹಾಳೆಯನ್ನು ಎರಡು ಸಲ ಓದಿ ಸಹಿ ಮಾಡಿದೆ.