ಅಪೆಂಡಿಕ್ಸ್ ತೆಗೆಸಿದರೆ ಕರುಳಿಗೆ ಕೇಡೆ?

ಮಗನ ಅಪೆಂಡಿಕ್ಸ್ ತೆಗೆಯಬೇಕೆಂದು ವೈದ್ಯರು ಹೇಳಿದಾಗ, ಬಸವಕಲ್ಯಾಣದ ತಾಯಿಯಾಗಲಿ ಹುಮನಾಬಾದಿನ ತಂದೆಯಾಗಲಿ ಕೇಳಬಹುದಾದ ಪ್ರಶ್ನೆ ಇದು: “ಹುಟ್ಟಿನಿಂದ ಬಂದ ಅಂಗವನ್ನು ಕಳೆದರೆ ಮುಂದೆ ಕರುಳಿಗೆ ಕೇಡಾಗದೆ?” ಪ್ರಶ್ನೆ ಸಹಜವಾದದ್ದು, ಉತ್ತರ ಸ್ವಾರಸ್ಯಕರವಾದದ್ದು.

ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ, ದೊಡ್ಡ ಕರುಳಿನ ಬುಡಕ್ಕೆ ಬೆರಳುದ್ದದ ಒಂದು ಬಾಲವಿದೆ. ಅದೇ ಅಪೆಂಡಿಕ್ಸ್. ರೋಗಾಣುಗಳನ್ನು ಎದುರಿಸುವ ಕಣಗಳು ಅದರ ಗೋಡೆಯಲ್ಲಿ ಕಿಕ್ಕಿರಿದಿವೆ. ಆದುದರಿಂದ ಅದು ತೀರ ನಿರುಪಯೋಗಿಯಲ್ಲ. ಆದರೆ ಅದಿಲ್ಲದೆಯೂ ಮನುಷ್ಯ ಚೆನ್ನಾಗಿಯೇ ಬಾಳಬಲ್ಲ.

ಇನ್ನು ದೊಡ್ಡ ಕರುಳಿನ ಒಳಪದರ ಹುಣ್ಣಾಗಿ, ರಕ್ತ ಬೆರೆತ ಭೇದಿ ತಿಂಗಳುಗಟ್ಟಲೆ ಕಾಡುವ ಒಂದು ರೋಗವುಂಟು. ಅದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ಇದರಲ್ಲಿ ದೇಹದ ರಕ್ಷಣಾಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಸ್ವೀಡನ್ನಿನಲ್ಲಿ 1964ರಿಂದ 1993ರವರೆಗೆ ಅಪೆಂಡಿಕ್ಸ್ ತೆಗೆಸಿಕೊಂಡ ಎರಡು ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆಗಳ ಪರಿಶೀಲನೆ 2001ರಲ್ಲಿ ಪ್ರಕಟವಾಯಿತು. ಉರಿಯೂತ ಬಂದ ಅಪೆಂಡಿಕ್ಸನ್ನು 20 ವರ್ಷದೊಳಗೆ ತೆಗೆಸಿಕೊಂಡವರಲ್ಲಿ ಈ ರೋಗ ಹೆಚ್ಚಾಗಿರಲಿಲ್ಲ. ಬದಲಿಗೆ ಕಡಿಮೆಯೇ ಇತ್ತು! ಉರಿಯೂತವಿಲ್ಲದೆ ಬರಿಯ ಹೊಟ್ಟೆನೋವಿಗಾಗಿ ತೆಗೆಸಿಕೊಂಡವರಲ್ಲಿ ಈ ಲಾಭ ಕಾಣಲಿಲ್ಲ. ಎಂದರೆ, ರಕ್ಷಣೆಯೆಲ್ಲ ಶಸ್ತ್ರದಿಂದಲೇ ಬಂದಿತೆಂದು ಹೇಳುವಂತಿಲ್ಲ. ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ ರೋಗಕ್ಕೆ ಇಂಥ ರಕ್ಷಣೆಯೂ ಕಂಡುಬಂದಿಲ್ಲ.

ಯೂರೋಪಿನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೊಲೈಟಿಸ್ ಹತೋಟಿಗೆ ಬಂದಿದ್ದವರ ಅಪೆಂಡಿಕ್ಸ್ ತೆಗೆದಾಗ, ಮುಂದಿನ ಒಂದು ವರ್ಷದಲ್ಲಿ ರೋಗ ಮರುಕಳಿಸಿದ್ದು ಕಡಿಮೆ. ಅದನ್ನು ರೋಗಿಯನ್ನು ನೋಡಿಕೊಳ್ಳುವ ತಜ್ಞರೇ ತೂಗಿ ನೋಡಬೇಕು.

ಹಾಗಾದರೆ ನೀವು ಮಾಡಬೇಕಾದುದೇನು? ಮುಂದೆ ರೋಗ ಬಾರದಿರಲೆಂದು ನೆಟ್ಟಗಿರುವ ಅಪೆಂಡಿಕ್ಸನ್ನು ತೆಗೆಸಬೇಡಿರಿ. ಕೆಟ್ಟದ್ದನ್ನು ತೆಗೆಸಲು ಕರುಳಿನ ಭಯದಿಂದ ಹಿಂಜರಿಯಬೇಡಿರಿ. ಹೊಕ್ಕುಳ ಸುತ್ತ ಹುಟ್ಟಿದ ನೋವು ಬಲಗಡೆ ಕೆಳಗಿಳಿದು ನಿಂತರೆ, ವಾಂತಿ ಜ್ವರಗಳು ಜೊತೆಗೂಡಿದರೆ, ಔಡಲೆಣ್ಣೆ ಕುಡಿಸಬೇಡಿರಿ. ಭೇದಿಯ ಔಷಧದಿಂದ ಬಾತ ಅಪೆಂಡಿಕ್ಸ್ ಒಡೆಯಬಹುದು. ಒಡೆದರೆ ಕೀವು ಹೊಟ್ಟೆಯಲ್ಲೆಲ್ಲ ಹರಡಿ ಪ್ರಾಣಕ್ಕೇ ಸಂಚಕಾರ. ಬೆಳಗಾಗಲೆಂದು ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ; ಅಲ್ಲಿಯ ವೈದ್ಯರು ಬೀದರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿರೆಂದರೆ ತಡಮಾಡಬೇಡಿರಿ.

ಹಾಗೆಯೇ ರಕ್ತಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಅದು ಬರಿಯ ಆಮಶಂಕೆಯೆಂದು ಮನೆಯಲ್ಲೇ ತೀರ್ಮಾನಿಸಬೇಡಿರಿ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ ರೋಗದ ವೇಷದಲ್ಲಿ ಬರುವುದುಂಟು. ಎರಡಕ್ಕೂ ಔಷಧ ಬೇರೆ ಬೇರೆ. ಪರೀಕ್ಷೆ ಮಾಡಿಸದೆ ಯಾವುದು ಏನೆಂದು ತಿಳಿಯದು.